ಚಿಮಣಿಯ ಪಕ್ಕದ ಚಂದ್ರ

ತಾರಸಿಯ ಮೇಲೆ ಟ್ರೈಪಾಡನ್ನು ಅಕ್ಕ ಆರನೆಯ ಸಲ ಎತ್ತಿ ಇಟ್ಟಳು. ಈ ಸಲವೂ ಹೊಂದಲಿಲ್ಲ. ಹಳೆಯ ಫೋಟೋದಲ್ಲಿ ಗಿರಣಿಯ ಚಿಮಣಿ ಇಪ್ಪತ್ತು ಮಹಡಿಯ ಕಟ್ಟಡಕ್ಕೆ ಅಂಟಿಕೊಂಡು ನಿಂತಿತ್ತು. ಕ್ಯಾಮೆರಾದಲ್ಲಿ ನೋಡಿದರೆ ಎರಡರ ನಡುವೆ ಬೆರಳಗಲ ಆಕಾಶ ಇಣುಕುತ್ತಿತ್ತು. ಚಂದ್ರ ಹುಟ್ಟಲು ಇನ್ನು ಕಾಲು ಗಂಟೆ.

“ನಿಂತ ಜಾಗಾನೇ ಮರೆತುಬಿಟ್ರಾ?” ಎಂದರು ಮೇಷ್ಟ್ರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು, ವಕೀಲರು ಹುಡುಕಿ ಕಳಿಸಿದವರು.

ಅಕ್ಕ ಟ್ರೈಪಾಡನ್ನು ಒಂದು ಗೇಣು ಎಡಕ್ಕೆ ಸರಿಸಿದಳು.

ಬೀದಿಗೆಲ್ಲ ಅವಳು ಸ್ಟುಡಿಯೋ ಅಕ್ಕ. ಅಲ್ಲಿನ ಪಾಸ್‌ಪೋರ್ಟ್ ಸೈಜಿನ ಮುಖಗಳೆಲ್ಲ ಅವಳ ಕೈಯಿಂದಲೇ ಬಂದವು. ಒಡಹುಟ್ಟಿದ ಅಕ್ಕ ಮಾತ್ರ ಒಬ್ಬನಿಗೇ. ಆ ಒಬ್ಬ ಈಗ ಜೈಲಿನಲ್ಲಿದ್ದ.

ಕಳೆದ ಹುಣ್ಣಿಮೆಯ ಸಂಜೆ ಏಳೂ ಹತ್ತಕ್ಕೆ, ಊರಾಚೆಯ ರಸ್ತೆಯಲ್ಲಿ ಸ್ಟುಡಿಯೋದ ವ್ಯಾನು ಸೈಕಲ್ಲಿನ ಮುದುಕನೊಬ್ಬನಿಗೆ ಗುದ್ದಿ, ನಿಲ್ಲದೆ ಹೋಗಿತ್ತು. ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದ ಮುದುಕ ಉಳಿಯಲಿಲ್ಲ. ಅಂಗಡಿಯೊಂದರ ಕ್ಯಾಮೆರಾದಲ್ಲಿ ವ್ಯಾನಿನ ನಂಬರು ಬಿದ್ದಿತ್ತು, ಹೊತ್ತು ಬಿದ್ದಿತ್ತು, ಓಡಿಸುತ್ತಿದ್ದವರ ಮುಖ ಬಿದ್ದಿರಲಿಲ್ಲ. ವ್ಯಾನಿನ ಡ್ರೈವರು ತಮ್ಮನೆಂದು ಊರಿಗೇ ಗೊತ್ತು. ಪೊಲೀಸರು ಬಂದು ಕೇಳಿದರು. ಹೌದು, ನಾನೇ ಎಂದುಬಿಟ್ಟ.

ಲಾಠಿ ಕಂಡು ಹೆದರಿ ಒಪ್ಪಿಕೊಂಡಿದ್ದಾನೆ ಎಂದು ವಕೀಲರ ತರ್ಕ. ಅಕ್ಕ ಮೂರು ಸಲ ಠಾಣೆಯ ಮೆಟ್ಟಿಲು ಹತ್ತಿದಳು. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಇನ್ಸ್‌ಪೆಕ್ಟರು ಮೂರು ಸಲವೂ ಟೀ ತರಿಸಿಕೊಟ್ಟರು. ಒಡಹುಟ್ಟಿದ ಕರುಳು ಏನು ಬೇಕಾದರೂ ಹೇಳಿಸುತ್ತದೆ, ಕೋರ್ಟಿಗೆ ಕರುಳು ಬೇಡ, ಸಾಕ್ಷಿ ಬೇಕು ಎಂದು ಸಾಗಹಾಕಿದರು. ಜೈಲಿಗೆ ಹೋದರೆ ತಮ್ಮನದು ಒಂದೇ ಮಾತು: ಸುಮ್ಮನೆ ಮನೆಗೆ ಹೋಗು. ಫೋಟೋದ ಸುದ್ದಿ ಎತ್ತಿದರೆ ಗೋಡೆ ನೋಡುತ್ತ ಕೂತ.

ಸಾಕ್ಷಿ ಎಂದು ಇದ್ದದ್ದು ಆ ಫೋಟೋ ಒಂದೇ. ಆ ಸಂಜೆ ಇದೇ ತಾರಸಿಯಲ್ಲಿ ತೆಗೆದದ್ದು. ಊರಿನ ಕಟ್ಟಡಗಳ ಮೇಲೆ ತುಂಬು ಚಂದ್ರ. ಮುಂದೆ ಮೋಟುಗೋಡೆಗೆ ಒರಗಿದ ತಮ್ಮನ ಕಪ್ಪು ಆಕೃತಿ. ಕುರುಚಲು ಗಡ್ಡ, ಗಿಳಿಮೂಗು, ಯಾರು ನೋಡಿದರೂ ಅವನೇ. ಹೊತ್ತೆಷ್ಟು ಎಂಬುದು ಮಾತ್ರ ಅದರಲ್ಲಿ ಇರಲಿಲ್ಲ. ಬ್ಯಾಟರಿ ತೆಗೆದಾಗಲೆಲ್ಲ ಆ ಕ್ಯಾಮೆರಾದ ಗಡಿಯಾರ ಸೊನ್ನೆಗೆ ಹೋಗುತ್ತಿತ್ತು. ಮದುಮಕ್ಕಳ ಫೋಟೋಗೆ ಗಡಿಯಾರ ಯಾಕೆ ಎಂದು ಅಕ್ಕ ಅದನ್ನು ಸರಿಪಡಿಸುವ ಗೋಜಿಗೇ ಹೋಗಿರಲಿಲ್ಲ. ವರ್ಷಗಟ್ಟಲೆಯ ಸೋಮಾರಿತನ ಈಗ ತಮ್ಮನ ಕುತ್ತಿಗೆಗೆ ಬಂದಿತ್ತು.

ಚಂದ್ರನೇ ಗಡಿಯಾರ ಎಂದವರು ಮೇಷ್ಟ್ರು. ಒಂದು ಹುಣ್ಣಿಮೆಯ ಹಾಗೆ ಇನ್ನೊಂದಿಲ್ಲ. ಯಾವ ದಿನ, ಯಾವ ನಿಮಿಷ ಚಂದ್ರ ಎಲ್ಲಿ ಎಷ್ಟು ಎತ್ತರದಲ್ಲಿದ್ದ ಎಂದು ಲೆಕ್ಕ ಹಾಕಬಹುದು. ಅದೇ ಜಾಗದಿಂದ, ಅದೇ ಲೆನ್ಸಿನಲ್ಲಿ, ಗೊತ್ತಿರುವ ಹೊತ್ತಿಗೆ ಇನ್ನೊಂದು ಚಂದ್ರನನ್ನು ಹಿಡಿದುಕೊಟ್ಟರೆ ಹಳೆಯ ಫೋಟೋಗೆ ಅದೇ ಅಳತೆಗೋಲು. ಇವತ್ತು ಹುಣ್ಣಿಮೆ, ನಾಡಿದ್ದೇ ವಿಚಾರಣೆ. ಮುಂದಿನ ಹುಣ್ಣಿಮೆಯವರೆಗೆ ಕಾಯಲು ಕೋರ್ಟೇನು ಅತ್ತೆಮನೆಯಲ್ಲ.

ಒಂಬತ್ತನೆಯ ಸಲಕ್ಕೆ ಚಿಮಣಿ ಕಟ್ಟಡಕ್ಕೆ ಅಂಟಿತು. ಅಕ್ಕ ಟ್ರೈಪಾಡಿನ ಕಾಲುಗಳ ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿ ಮೂಡಲಿಗೆ ನೋಡಿದಳು. ಎಲ್ಲಿತ್ತೋ, ಮೋಡದ ದೊಡ್ಡ ಗುಡ್ಡೆಯೊಂದು ಕಟ್ಟಡಗಳ ಹಿಂದೆ ಬಂದು ಕೂತಿತ್ತು.

ಚಂದ್ರ ಹುಟ್ಟುವ ಹೊತ್ತು ಬಂತು. ಚಂದ್ರ ಬರಲಿಲ್ಲ. ಹತ್ತು ನಿಮಿಷ ಕಳೆಯಿತು, ಇಪ್ಪತ್ತು ಕಳೆಯಿತು. ಒಂದೊಂದೇ ಕಿಟಕಿಗೆ ದೀಪ ಹತ್ತಿತು. ಇನ್ನು ತಡವಾದರೆ ಚಂದ್ರ ಚೌಕಟ್ಟು ದಾಟಿ ಮೇಲೆ ಹೋಗುತ್ತಾನೆ, ಅಳೆಯಲು ಚಿಮಣಿಯೂ ಸಿಗುವುದಿಲ್ಲ ಎಂದು ಮೇಷ್ಟ್ರು ಮೆಲ್ಲನೆ ಹೇಳಿದರು. ಮನೆಗೆ ಹೊರಡೋಣವೇ ಎನ್ನುವ ದನಿ ಅದು.

ಅಕ್ಕ ಕದಲಲಿಲ್ಲ. ಒಂದು ತಿಂಗಳಿಂದ ಅವಳಿಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಸೈಕಲ್ಲಿನ ಮುದುಕ ಕತ್ತು ತಿರುಗಿಸಿ ನೋಡುತ್ತಿದ್ದ. ಕಣ್ಣು ತೆರೆದರೆ ತಮ್ಮನ ಖಾಲಿ ಮಂಚ. ಅಮ್ಮ ಸಾಯುವಾಗ ಇವನ ಕೈಯನ್ನು ಇವಳ ಕೈಯಲ್ಲಿಟ್ಟು ಹೋಗಿದ್ದಳು. ಆ ಕೈಗೆ ಇವತ್ತು ಬೇಡಿ ಬಿದ್ದಿತ್ತು. ಯಾವ ದೇವರನ್ನೂ ಕರೆಯುವ ಮುಖ ತನಗಿಲ್ಲ ಎಂದುಕೊಂಡು ಅವಳು ಮೋಡವನ್ನೇ ಬೇಡಿಕೊಂಡಳು. ಸ್ವಲ್ಪ ಸರಿ. ಒಂದೇ ನಿಮಿಷ ಸರಿ.

ಗಾಳಿ ಎದ್ದಿತು. ಮೋಡದ ಅಂಚು ಹರಿಯಿತು. ಚಿಮಣಿಯ ಬಾಯಿಗಿಂತ ತುಸು ಮೇಲೆ ಚಂದ್ರ ಹಳದಿಯಾಗಿ ಹೊರಬಂದ.

ಬೆರಳಿಗೆ ಕಸುಬು ಮರೆತಿರಲಿಲ್ಲ. ಬೆಳಕು ಹೆಚ್ಚಾದರೆ ಚಂದ್ರ ಬಿಳಿ ತಟ್ಟೆಯಾಗುತ್ತಾನೆ, ಕಡಿಮೆಯಾದರೆ ಚಿಮಣಿ ಕತ್ತಲಲ್ಲಿ ಮುಳುಗುತ್ತದೆ. ನಡುವಿನ ಹದ ಹಿಡಿದು ಒಂದರ ಹಿಂದೆ ಒಂದು ಹನ್ನೊಂದು ಫೋಟೋ ತೆಗೆದಳು. ಪ್ರತಿ ಸಲವೂ ಮೇಷ್ಟ್ರು ಗಂಟೆ, ನಿಮಿಷ, ಸೆಕೆಂಡು ಕೂಗಿ ಬರೆದುಕೊಂಡರು. ಹನ್ನೆರಡನೆಯದಕ್ಕೆ ಮೋಡ ಮತ್ತೆ ಮುಚ್ಚಿತು.

ಮೇಷ್ಟ್ರು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು, ಮೊಬೈಲಿನ ಬೆಳಕಿನಲ್ಲಿ ಲೆಕ್ಕ ಶುರು ಮಾಡಿದರು. ಎರಡು ಸಲ ಹೊಡೆದುಹಾಕಿದರು. ಮೂರನೆಯ ಸಲ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಅವನು ಇಲ್ಲೇ ಇದ್ದ ಅಮ್ಮಾ. ಏಳೂ ಹನ್ನೊಂದು. ಮೂರು ನಿಮಿಷ ಹೆಚ್ಚುಕಮ್ಮಿ ಅಂದ್ರೂ, ಆ ರಸ್ತೆಯಿಂದ ಇಲ್ಲಿಗೆ ಅರ್ಧ ಗಂಟೆ ದಾರಿ. ಇನ್ನು ಅವನನ್ನ ಯಾರೂ ಒಳಗಿಟ್ಕೊಳ್ಳೋಕೆ ಆಗಲ್ಲ.”

ಅಕ್ಕ ಸೆರಗು ಬಾಯಿಗೊತ್ತಿಕೊಂಡಳು. ತಿಂಗಳಿಂದ ತಡೆದಿಟ್ಟ ಅಳು ಸೆರಗಿಗೂ ನಿಲ್ಲಲಿಲ್ಲ. ಅವಳು ಸುಧಾರಿಸಿಕೊಂಡ ಮೇಲೆ ಮೇಷ್ಟ್ರು ಕೋರ್ಟಿನ ಕ್ರಮ ವಿವರಿಸಿದರು. ಮೊದಲು ಕರೆಯುವುದು ನಿಮ್ಮನ್ನೇ, ಫೋಟೋ ತೆಗೆದವರು ನೀವು, ತಮ್ಮ ನಿಮ್ಮ ಕಣ್ಣೆದುರಿಗೇ ಇದ್ದನೆಂದು ಹೇಳಿದರೆ ಸಾಕು ಎಂದರು.

“ಅದನ್ನ ಟೈಮರ್ ಇಟ್ಟು ಅವನೇ ತೆಗೆದದ್ದು ಮೇಷ್ಟ್ರೇ,” ಎಂದಳು ಅಕ್ಕ. “ವ್ಯಾನು ಓಡಿಸ್ತಿದ್ದದ್ದು ನಾನು ಅಂತ ಮೂರು ಸಲ ಹೇಳಿದ್ರೂ ಇನ್ಸ್‌ಪೆಕ್ಟರು ನಂಬಲಿಲ್ಲ, ಇನ್ನು ನಂಬ್ತಾರೆ.”