ಒಡೆಯದ ಏಳು ಬಾರುಗಳು

ಏಳೂ ಚಾಕೊಲೇಟ್ ಬಾರುಗಳು ಕಟ್ಟಿದ ಹಾಗೇ ಇದ್ದವು.

ಮಧುಗಿರಿ ಬಸ್ ನಿಲ್ದಾಣದ ಎದುರಿನ ಬೇಕರಿಯಲ್ಲಿ ಮುತ್ತುರಾಜ್ ಫ್ರಿಜ್ಜಿನ ಬಾಗಿಲು ಹಿಡಿದುಕೊಂಡು ಎರಡನೆಯ ಸಲ ಎಣಿಸಿದ. ಕೇಕು, ಹಾಲಿನ ಪ್ಯಾಕೆಟ್ಟುಗಳ ಕೆಳಗಿನ ತಟ್ಟೆಯಲ್ಲಿ ಅವನ ಏಳು ಬಾರುಗಳು, ಅವನೇ ಮಡಿಸಿ ಅಂಟಿಸಿದ ಹಳದಿ ಹೊದಿಕೆಯೊಳಗೆ. ಪಕ್ಕದಲ್ಲಿ ಬೇರೆಯವರ ಬಾರುಗಳ ಖಾಲಿ ಹೊದಿಕೆಗಳು, ರಬ್ಬರ್ ಬ್ಯಾಂಡ್ ಹಾಕಿಟ್ಟವು. ಶಿರಾದ ನರಸಿಂಹರಾಜು ಮಾಡುವ ಬಾರಿನದೂ ಅದರಲ್ಲಿತ್ತು. ಅದನ್ನು ಯಾರೋ ಪೂರ್ತಿ ತಿಂದಿದ್ದರು.

"ಬಾಗ್ಲು ಹಾಕಣ್ಣ, ಕ್ರೀಮ್ ಕರಗ್ತದೆ," ಎಂದ ಬೇಕರಿಯ ಮಲ್ಲೇಶ್.

"ಇವನ್ನ ಯಾಕೆ ಒಡೆದಿಲ್ಲ?"

"ನಂಗೇನು ಗೊತ್ತು? ಪಾರ್ಸಲ್ ಬತ್ತದೆ, ಇಕ್ಕಂತೀನಿ. ಅವ್ರು ಬತ್ತಾರೆ, ಫೋಟೋ ಹೊಡ್ಕಂತಾರೆ. ಬ್ಯಾರೇರ್ದೆಲ್ಲ ಇಲ್ಲೇ ಕೂತ್ಕಂಡು ತಿಂತಾರೆ. ಈ ಹಳದೀದು ಮಾತ್ರ, 'ಇದ್ರ ರುಚಿ ನೋಡಾಯ್ತು, ಇಟ್ಬುಡಪ್ಪ' ಅಂತಾರೆ."

"ಒಡೀದೆ ಹೆಂಗಯ್ಯ ರುಚಿ ನೋಡೋದು?"

"ನಾನೂ ಅದ್ನೇ ಕೇಳ್ದೆ. ನಕ್ಬುಟ್ರು."

"ಯಾರು ಅವ್ರು?"

"ಹೆಸ್ರು ಹೇಳಬಾರ್ದು ಅಂತ ಮಾತಾಗದೆ ಕಣಣ್ಣ. ಎಗ್ ಪಫ್ಸ್ ಬಿಸಿ ಅದೆ, ಕೊಡ್ಲಾ?"

ಮುತ್ತುರಾಜ್ ಪಫ್ಸ್ ಬೇಡವೆಂದ. ಏಳೂ ಬಾರುಗಳ ಫೋಟೋ ತೆಗೆದುಕೊಂಡ.

ಆ 'ಅವ್ರು' ಮೊಬೈಲಿನಲ್ಲಿ 'ಒಂದೇ ತುಂಡು' ಎಂಬ ಪುಟ ನಡೆಸುತ್ತಿದ್ದರು. ಚಾಕೊಲೇಟ್ ಬಾರುಗಳ ವಿಮರ್ಶೆ. ಬರೆಯುವವರ ಹೆಸರಿಲ್ಲ, ಮುಖವಿಲ್ಲ. ಪಾರ್ಸಲ್ಲಿಗೆ ಈ ಬೇಕರಿಯ ವಿಳಾಸ. ಮಿಕ್ಕವರೆಲ್ಲ ನಕ್ಷತ್ರ ಕೊಟ್ಟರೆ ಇಲ್ಲಿ ಇಪ್ಪತ್ತೈದಕ್ಕೆ ಇಷ್ಟು ಎಂದು ಅಂಕ. ಅಲ್ಲಿ ಹದಿನೆಂಟು ಬಂದರೆ ನಿಮ್ಮ ಬಾರು ಇಡುತ್ತೇವೆ ಎಂದು ತುಮಕೂರಿನ ಒಂದು ಅಂಗಡಿಯವರು ಮುತ್ತುರಾಜನಿಗೆ ಹೇಳಿಬಿಟ್ಟಿದ್ದರು.

ಮೂವತ್ತು ವರ್ಷ ಮನೆಮನೆಯ ಕರೆಂಟ್ ಮೀಟರು ಓದಿ ನಿವೃತ್ತನಾದವನಿಗೆ ಅಂಕಿಯ ಮೇಲೆ ಭಕ್ತಿ ಸಹಜ. ಕೊರಟಗೆರೆಯ ಮನೆಯಲ್ಲಿ ಅವನು ಕೋಕೋ ಬೀಜ ಹುರಿದು, ಸಿಪ್ಪೆ ತೂರಿ, ದೋಸೆಹಿಟ್ಟಿನ ಗ್ರೈಂಡರಿನಲ್ಲಿ ಎರಡು ದಿನ ಅರೆದು, ಹುಣಸೆಪುಡಿ ಬೆರೆಸಿ ಬಾರು ಎರೆಯುತ್ತಿದ್ದ. ಮೊದಲನೆಯದಕ್ಕೆ ಬಂದದ್ದು ಆರು. 'ಹುಣಸೆ ಕೂಗುತ್ತಿದೆ, ಚಾಕೊಲೇಟು ಕಿವಿ ಮುಚ್ಚಿಕೊಂಡಿದೆ.' ಮೂರನೆಯದಕ್ಕೆ ಎಂಟು. 'ಸಾರಿನ ಸೌಟಿನಲ್ಲಿ ಕಲಸಿದ್ದಾರೆ. ಇಂಗು.'

ಆ ಇಂಗು ಓದಿ ಮುತ್ತುರಾಜ್ ದಂಗಾಗಿದ್ದ. ಸೌಟು ಸಾರಿನದೇ. "ಅದನ್ನ ಮುಟ್ಬೇಡಿ, ವಾಸ್ನೆ ಹೋಗಲ್ಲ," ಎಂದು ಹೆಂಡತಿ ರಾಧಾಮಣಿ ಮೂರು ತಿಂಗಳಿಂದ ಹೇಳುತ್ತಿದ್ದಳು. "ಐದ್ರುಪಾಯಿ ಚಾಕ್ಲೇಟು ತಿನ್ನೋಳು, ನಿಂಗೇನು ಗೊತ್ತು ಬುಡು," ಎಂದಿದ್ದ ಅವನು. ವಿಮರ್ಶೆ ಬಂದ ಸಂಜೆಯೇ ಹೋಗಿ ಹೊಸ ಸೌಟು ತಂದ. ನಾಲಿಗೆ ಅಂದರೆ ಅದು ಎಂದು ಅವಳಿಗೇ ಓದಿ ಹೇಳಿದ. ರಾಧಾಮಣಿ ಸೌಟನ್ನು ತಿರುಗಿಸಿ ನೋಡಿ, "ಚೆನ್ನಾಗದೆ," ಎಂದಿದ್ದಳು.

'ಒಂದೇ ತುಂಡು' ಹೇಳಿದ್ದನ್ನೆಲ್ಲ ತಿದ್ದುತ್ತಾ ಹೋದ. ಏಳನೆಯದಕ್ಕೆ ಹದಿನೈದು ಬರುವ ಹೊತ್ತಿಗೆ ಸೋತು ಸುಣ್ಣವಾಗಿದ್ದ. ಎಂಟನೆಯದೇ ಕೊನೆ, ಆಮೇಲೆ ಗ್ರೈಂಡರು ಅಟ್ಟಕ್ಕೆ ಎಂದು ತೀರ್ಮಾನಿಸಿದ. ಅದಕ್ಕೆ ಪಾವಗಡದಿಂದ ಕಡಲೆಕಾಯಿ ಬೀಜ ತರಿಸಿದ. ಈ ಬೆಳಿಗ್ಗೆ ಬೀಜ ಹುರಿಯುವಾಗಲೇ ತುಮಕೂರಿನ ಅಂಗಡಿಯವನ ಫೋನು ಬಂದು, ಹದಿನೆಂಟಾಯಿತೇ ಎಂದು ಕೇಳಿತ್ತು. ಇನ್ನೂ ಇಲ್ಲ ಎಂದು ವಿವರಿಸಿ, ಮೊದಲೇ ಅರೆದಿಟ್ಟಿದ್ದ ಚಾಕೊಲೇಟಿಗೆ ಆ ಬೀಜ ಬೆರೆಸಿ ಅಚ್ಚಿಗೆ ಎರೆದು ಫ್ರಿಜ್ಜಿನಲ್ಲಿಟ್ಟು, ಕಳಿಸುವ ಮೊದಲು ಆ ನಾಲಿಗೆಯ ಮುಖವನ್ನೊಮ್ಮೆ ನೋಡೋಣವೆಂದು ಬಸ್ಸು ಹತ್ತಿದ್ದ.

ನೋಡಿದ್ದು ಏಳು ಹಳದಿ ಹೊದಿಕೆಗಳನ್ನು. ಒಡೆಯದೆ ಅಂಕ ಕೊಟ್ಟಿದ್ದಾರೆಂದರೆ ಯಾರೋ ಹೇಳಿ ಕಡಿಮೆ ಕೊಡಿಸಿದ್ದಾರೆ. ಶಿರಾದವನಿಗೆ ಇಪ್ಪತ್ತು ಬಂದಿತ್ತು. ಒಡೆಯದವರಿಗೆ ಇಂಗು ಹೇಗೆ ತಿಳಿಯಿತು ಎಂಬ ಪ್ರಶ್ನೆ ವಾಪಸು ಬರುವ ದಾರಿಯಲ್ಲಿ ಒಮ್ಮೆ ಎದ್ದಿತು. ಬಸ್ಸು ಹಳ್ಳಕ್ಕಿಳಿದು ಮೇಲೆ ಬರುವಷ್ಟರಲ್ಲಿ ಉದುರಿಹೋಯಿತು.

ಅಂದು ಭಾನುವಾರ. ಮಿಕ್ಕ ಆರು ದಿನ ಮಧುಗಿರಿಯ ಹೈಸ್ಕೂಲಿಗೆ ಪಾಠ ಮಾಡಲು ಬಸ್ಸಿನಲ್ಲಿ ಓಡಾಡುವ ರಾಧಾಮಣಿ, ಸಿಕ್ಕ ಒಂದು ರಜೆಯಲ್ಲಿ ಹಿತ್ತಲಲ್ಲಿ ಕೂತು ಗ್ರೈಂಡರ್ ಉಜ್ಜುತ್ತಿದ್ದಳು. ಬಾರು ಅವನದು, ತೊಳೆಯುವುದು ಅವಳದು, ಮೊದಲಿಂದಲೂ ಹಾಗೇ.

"ಮೋಸ ಕಣೆ," ಎಂದ ಮುತ್ತುರಾಜ್. "ಒಂದನ್ನೂ ಒಡೆದಿಲ್ಲ. ಫೋಟೋ ಹಾಕಿ ಮಾನ ಕಳೀತೀನಿ."

"ಯಾರ್ದು?"

"ಇನ್ಯಾರ್ದು? ಆ ಒಂದೇ ತುಂಡಿಂದು."

"ಹಾಕಿ," ಎಂದಳು, ತಲೆಯೆತ್ತದೆ. "ಹೇಳಿದ್ದು ಯಾವ್ದಾದ್ರೂ ತಪ್ಪಿತ್ತಾ?"

ಅವನು ಯೋಚಿಸಿದ. "ತಪ್ಪೇನಿರ್ಲಿಲ್ಲ." ಅವನಿಗೆ ಹೆಚ್ಚು ಆಯಾಸ ತಂದಿದ್ದೂ ಅದೇ.

"ಎಂಟನೇದು ಕಳ್ಸಲ್ವಾ?"

"ಕಳ್ಸಲ್ಲ. ಸಾಕಾಗದೆ. ಆ ಗ್ರೈಂಡರ್ ಒಣಗಿಸಿ ಅಟ್ಟಕ್ಕೆ ಹಾಕ್ಬುಡು."

ರಾಧಾಮಣಿ ಕೈ ಒರೆಸಿಕೊಂಡು ಒಳಗೆ ಹೋದಳು. ಗ್ರೈಂಡರು ಅರ್ಧ ತೊಳೆದ ಸ್ಥಿತಿಯಲ್ಲಿ ಅಲ್ಲೇ ಉಳಿಯಿತು.

ಅವನು ಹಿತ್ತಲ ಮೆಟ್ಟಿಲ ಮೇಲೆ ಕೂತು ಫೋಟೋ ಆರಿಸಿದ. 'ದ್ರೋಹ' ಎಂದು ಬರೆಯಲು ಒತ್ತಕ್ಷರ ಹುಡುಕುತ್ತಿರುವಾಗ ಮೊಬೈಲು ಟಿಣ್ ಎಂದಿತು. ಒಂದೇ ತುಂಡು, ಹೊಸ ವಿಮರ್ಶೆ.

'ಎಂಟನೆಯ ಬಾರು. ಹುಣಸೆ ಈಗ ಕೂಗುವುದಿಲ್ಲ, ಮಾತಾಡುತ್ತದೆ. ಇಂಗಿಲ್ಲ. ಕಡಲೆಕಾಯಿ ಬೀಜ ಮಾತ್ರ ತುಸು ಸೀದಿದೆ. ಬಾಣಲೆಯ ಮುಂದೆ ನಿಂತು ಫೋನಿನಲ್ಲಿ ಮಾತಾಡಬಾರದು. ಇಪ್ಪತ್ತೈದಕ್ಕೆ ಹದಿನೇಳು.'

ಈ ಸಲ ಹಳದಿ ಹೊದಿಕೆಯ ಫೋಟೋ ಇರಲಿಲ್ಲ. ಹೊಸ ಸೌಟಿನದಿತ್ತು.

"ಒಂದು ಗ್ರೇಸ್ ಮಾರ್ಕ್ಸ್ ಬೇಕಿದ್ರೆ," ಎಂದಳು ರಾಧಾಮಣಿ ಅಡುಗೆಮನೆಯಿಂದ, "ಆ ಗ್ರೈಂಡರ್ ಇವತ್ತಿಂದ ನೀವು ತೊಳೀರಿ."