ಒಂದು ಬಾಟಲಿ ಕಮ್ಮಿ

"ನಾಲ್ಕು ಬಾಟ್ಲಿ ಮಾಡಿಟ್ಟಿದ್ದೆ. ಇನ್ನೊಂದು ಎಲ್ಲೇ? ಯಾವನಿಗೆ ಕುಡಿಸ್ದೆ, ಬೊಗಳು!"

ಗಂಡ ಕೈಯೆತ್ತಿಕೊಂಡೇ ಕೇಳುತ್ತಿದ್ದ. ರಜೆಯುದ್ದಕ್ಕೂ ಹಿತ್ತಲ ಕೋಣೆಯಲ್ಲಿ ಬಾರ್ಲಿ ನೆನೆಸಿ, ಹುಳಿ ಬರಿಸಿ, ತಾನೇ ಬಿಯರ್ ಮಾಡಿ ಕುಡಿದಿದ್ದ. ಕುಡಿದಾಗಲೆಲ್ಲ ಹೆಂಡತಿಗೆ ಬಾರಿಸಿದ್ದ.

"ಚೆಲ್ಲಿಹೋಯ್ತು" ಎಂದಳು ಅವಳು. ಕಪಾಳಕ್ಕೆ ಬಿತ್ತು.

"ವಿಮಾನ ಹತ್ತೋ ದಿನವೂ ಹೊಡೀತೀಯೇನೋ ಪಾಪಿ?" ಎಂದಳು ಅವನ ತಾಯಿ.

"ಸುಮ್ನಿರಮ್ಮ! ಆ ಅರಬ್ಬರ ದೇಶದಲ್ಲಿ ಒಂದು ತೊಟ್ಟೂ ಸಿಗಲ್ಲ. ಬ್ಯಾಗಲ್ಲಿ ಸಿಕ್ಕಿದ್ರೆ ಸೀದಾ ಜೈಲು. ಇಲ್ಲೇ ಕುಡಿದು ಹೋಗೋಣ ಅಂದ್ರೆ ಈ ಮುಂಡೇದು ಚೆಲ್ತಾಳಂತೆ. ಮುಂದಿನ ರಜೆಗೆ ಬರ್ತೀನಲ್ಲ, ಇವಳನ್ನ ಮುಗಿಸಿಯೇ ಹೋಗ್ತೀನಿ."

ಬಾಟಲಿ ಚೆಲ್ಲಿರಲಿಲ್ಲ. ಬೆಳಿಗ್ಗೆ ಹೆಂಡತಿಯೇ ಅದನ್ನು ಅವನ ಸೂಟ್‌ಕೇಸಿನಲ್ಲಿ ಅಂಗಿಗಳ ಅಡಿಗೆ ತುರುಕಿದ್ದಳು.

ಅತ್ತೆ ಉಪ್ಪಿನಕಾಯಿ ಡಬ್ಬಿ ಇಡಲು ಅದೇ ಸೂಟ್‌ಕೇಸನ್ನು ತೆರೆದಳು. ಸೊಸೆ ಬಾಗಿಲ ಬಳಿಯಿಂದ ಅವಳ ಕೈಯನ್ನೇ ನೋಡಿದಳು. ಹೆತ್ತ ಕರುಳು; ಬಾಟಲಿ ಕೈಗೆ ತಾಗಿದರೆ ಮಗನಿಗೆ ಹೇಳದೆ ಬಿಟ್ಟಾಳೆಯೇ? ಅತ್ತೆ ಇತ್ತ ಬೆನ್ನು ಮಾಡಿ ಕೂತು, ಬಟ್ಟೆಗಳನ್ನೆಲ್ಲ ಸರಿಸಿ, ಮತ್ತೆ ಜೋಡಿಸಿ, ಜಿಪ್ ಎಳೆದಳು.

"ಕಾರು ಬಂತು. ಹೊರಡಪ್ಪಾ."

ಅವನು ಹೆಂಡತಿಯ ಕಡೆ ನೋಡದೆ ಸೂಟ್‌ಕೇಸ್ ಎಳೆದುಕೊಂಡು ಹೋದ. ಕಾರು ತಿರುವು ದಾಟಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಅತ್ತೆಯ ಕಾಲು ಹಿಡಿದಳು.

"ಬೇಗ ಫೋನ್ ಮಾಡಿ ಅತ್ತೆ. ಆ ಬಾಟ್ಲಿ ಅವರ ಸೂಟ್‌ಕೇಸಲ್ಲಿದೆ. ನಾನೇ ಇಟ್ಟೆ."

"ಗೊತ್ತು, ಏಳೇ. ದಾರೀಲಿ ಒಡೀದಿರ್ಲಿ ಅಂತ ಟವೆಲ್ ಸುತ್ತಿದ್ದೀನಿ."