ಟಾಕಿಯಂಥ ಮನೆ

ಗುಡ್ಡದ ಬೆಂಕಿಗೆ ಎರಡು ಸಲ ಗುಡಿಸಲು ಕಳೆದುಕೊಂಡಿದ್ದ ಸಂಕವ್ವ, ಈ ಸಲ ಗಂಡ ಫಕೀರಪ್ಪನ ಬೆನ್ನು ಬಿದ್ದು ಕಾಂಕ್ರೀಟಿನ ಮನೆ ಕಟ್ಟಿಸಿದಳು. ಬಾಗಿಲು, ಕಿಟಕಿಗಳಿಗೂ ಕಟ್ಟಿಗೆ ಬಳಸದೆ ಕಬ್ಬಿಣ ಹಾಕಿಸಿದಳು. ಅತ್ತೆ ಮಾತ್ರ ಪಕ್ಕದ ಹುಲ್ಲಿನ ಗುಡಿಸಲು ಬಿಟ್ಟು ಏಳಲಿಲ್ಲ.

"ಅದು ಮನಿ ಅಲ್ಲ, ನೀರಿನ ಟಾಕಿ. ನಾ ಅದರಾಗ ಕಾಲಿಡೂದಿಲ್ಲ" ಎಂದಳು.

ಅತ್ತೆ ತನ್ನ ಮಗಳ ಊರಿಗೆಂದು ಹೊರಟ ದಿನವೇ ಗುಡ್ಡ ಹೊತ್ತಿಕೊಂಡಿತು. ಹೊಲದಲ್ಲಿದ್ದ ಗಂಡ ಹೆಂಡತಿ ಊರವರ ಜೊತೆ ಕೆರೆಯತ್ತ ಓಡಿದರು. ಬೆಂಕಿ ದಾಟಿಹೋದ ಮೇಲೆ ಎದ್ದುಬಿದ್ದು ಬಂದು ನೋಡಿದರೆ, ಸುತ್ತಲೂ ಕರ್ರಗಾದ ನೆಲದ ನಡುವೆ ಮನೆ ಹಾಗೇ ನಿಂತಿತ್ತು!

"ಏ, ನಿಂತೈತಿ ನೋಡ! ಒಂದ್ ಬಿರುಕೂ ಬಿಟ್ಟಿಲ್ಲ!"

ಫಕೀರಪ್ಪ ಹೆಂಡತಿಯ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸಿದ. ಒಬ್ಬರ ಮಸಿ ಮುಖ ಒಬ್ಬರು ನೋಡಿ ಹೊಟ್ಟೆ ಹಿಡಿದು ನಕ್ಕರು. ಊರವರು ಸೀಟಿ ಹೊಡೆದರು. ನೆರೆಮನೆಯ ದ್ಯಾಮಣ್ಣನೊಬ್ಬನೇ ನಗಲಿಲ್ಲ.

"ಫಕೀರಾ, ನಿಮ್ಮವ್ವ ಬಸ್ ತಪ್ಪಿತಂತ ಹೊಳ್ಳಿ ಬಂದಿದ್ಲಲ್ಲೋ!"

ಗುಡಿಸಲಿದ್ದ ಜಾಗದಲ್ಲಿ ಬರೀ ಬೂದಿಯಿತ್ತು. ಸಂಕವ್ವ "ಅತ್ತೀ!" ಎಂದು ಕಿರುಚಿ ಆ ಬೂದಿಯತ್ತ ಓಡಿದಳು.

ಆಗ ಹೊಸ ಮನೆಯ ಬಾಗಿಲು ಕಿರ್ರೆಂದಿತು. ಕೈಗೆ ಸೆರಗು ಸುತ್ತಿಕೊಂಡು ಅದನ್ನು ಒಳಗಿನಿಂದ ತಳ್ಳಿದ ಅತ್ತೆ ತಲೆ ಹೊರಹಾಕಿದಳು.

"ಎಲ್ಲಾರೂ ಕಾಲ್ ತೊಳ್ಕೊಂಡು ಬರ್ರಿ. ಮಸಿಗಾಲಿಲೆ ನನ್ನ ಮನಿ ಹೊಲಸು ಮಾಡಬ್ಯಾಡ್ರಿ!"